ಏಳು ದಿನದ ಬುತ್ತಿ

ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆ. ಖಿಲಾರಿ ಹೋರಿ ಹಿಡಿದು ನಿಂತಿದ್ದ ಕಾಕಾ ಒಬ್ಬರ ಹತ್ತಿರ ಐವಿಎಫ್ ಕರುವಿನ ಮಾತು ಬಂತು, ಅಂದರೆ ಅಂಡ ಮತ್ತು ವೀರ್ಯವನ್ನು ಲ್ಯಾಬಿನಲ್ಲಿ ಸೇರಿಸಿ ಹುಟ್ಟಿಸುವ ಕರು. "ಏಳ ದಿನಾ ಲ್ಯಾಬಿನ್ಯಾಗ ಇರ್ತದಂತೀರಿ. ಅಲ್ಲೀತನಾ ಅದಕ್ಕ ಏನ ತಿನಸ್ತಾರ್ರೀ?" ಅಂದರು. ವಿಜ್ಞಾನಿಗಳು ಹತ್ತಾರು ವರ್ಷ ತಲೆ ಕೆಡಿಸಿಕೊಂಡಿದ್ದೂ ಇದಕ್ಕೇ.

ಮೊದಲ ಐವಿಎಫ್ ಕರು ವರ್ಜಿಲ್ ಹುಟ್ಟಿದ್ದು 1981ರಲ್ಲಿ, ಅಮೆರಿಕದಲ್ಲಿ. ಆ ಭ್ರೂಣವನ್ನು ನಾಲ್ಕು ಕೋಶ ಇದ್ದಾಗಲೇ ಹಸುವಿನೊಳಗೆ ಇಟ್ಟಿದ್ದರು. ಆಗೆಲ್ಲ ಭ್ರೂಣ ಹೊರಗೆ ಬೆಳೆದು 8ರಿಂದ 16 ಕೋಶ ಆಗುತ್ತಲೇ ನಿಂತುಬಿಡುತ್ತಿತ್ತು. ಅಲ್ಲಿಯವರೆಗೆ ತಾಯಿ ಅಂಡದಲ್ಲಿ ಕಟ್ಟಿಕೊಟ್ಟ ಬುತ್ತಿ ಸಾಕು. ಆಮೇಲೆ ಭ್ರೂಣ ತನ್ನದೇ ಜೀನ್‌ಗಳನ್ನು ನಂಬಿ ಬದುಕಬೇಕು. ಆ ಹೊತ್ತಿಗೆ ಸರಿಯಾದ ಆಹಾರ ಬೇಕು.

ಮೊದಲಿಗೆ ಒಂದು ಅಡ್ಡದಾರಿ ಹಿಡಿದರು. ಕುರಿಯ ಅಂಡನಾಳದಲ್ಲಿ ದನದ ಭ್ರೂಣ ಇಟ್ಟು, ನಾಳ ಕಟ್ಟಿ, ಕೆಲವು ದಿನ ಬಿಟ್ಟು ತೆಗೆಯುತ್ತಿದ್ದರು! ಮುಂದೆ ಅಂಡನಾಳದ ಕೋಶಗಳನ್ನೇ ತಟ್ಟೆಗೆ ಹಾಕಿ ಜೊತೆಗೆ ಬೆಳೆಸಿದರು. ಕೆಲಸ ಆಯಿತು, ಆದರೆ ಆ ಕೋಶಗಳು ಏನು ಕೊಡುತ್ತಿದ್ದವು ಅಂತ ಹೇಳುವುದು ಕಷ್ಟವಿತ್ತು.

ದಾರಿ ಸಿಕ್ಕಿದ್ದು 1972ರ ಹಳೆಯ ಪಾಕದಲ್ಲಿ. ಟರ್ವಿಟ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಕುರಿಯ ಅಂಡನಾಳದ ದ್ರವದಲ್ಲಿ ಏನೇನಿದೆ ಎಂಬುದನ್ನು ಆಧರಿಸಿ, ಅದಕ್ಕೆ ಹೊಂದುವಂತೆ ಲವಣ, ಭ್ರೂಣಕ್ಕೆ ಶಕ್ತಿ ಕೊಡುವ ಪೈರುವೇಟ್ ಮತ್ತು ಲ್ಯಾಕ್ಟೇಟ್, ಚೂರು ಗ್ಲೂಕೋಸ್ ಬೆರೆಸಿದ್ದರು. ಆಮ್ಲಜನಕವನ್ನೂ ಶೇ 5ಕ್ಕೆ ಇಳಿಸಿದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಅದು ಸುಮಾರು ಶೇ 21. ಅಷ್ಟು ಭ್ರೂಣಕ್ಕೆ ಜಾಸ್ತಿ. ಮುಂದೆ ಇದೇ ಪಾಕಕ್ಕೆ ಪ್ರೋಟೀನ್ ಕಟ್ಟುವ ಅಮೈನೋ ಆಮ್ಲ ಸೇರಿಸಿದಾಗ ಫಲ ಇನ್ನೂ ಚೆನ್ನಾಗಿ ಬಂತು.

ಗ್ಲೂಕೋಸ್ ಕತೆಯೇ ಬೇರೆ. ಮೊದಲ ಮೂರ್ನಾಲ್ಕು ದಿನ ಜಾಸ್ತಿ ಕೊಟ್ಟರೆ ಬೆಳವಣಿಗೆಗೆ ಅಡ್ಡಿ. 16 ಕೋಶ ದಾಟಿದ ಮೇಲೆ ಅದೇ ಬೇಕು. ಸೀರಮ್, ಅಂದರೆ ರಕ್ತದ ತಿಳಿ ಭಾಗ, ಹಾಕಿದರೂ ಭ್ರೂಣ ಬೇಗ ಬೆಳೆಯುತ್ತಿತ್ತು, ಆದರೆ ಕೆಲವು ಕರು ಹೊಟ್ಟೆಯಲ್ಲೇ ವಿಪರೀತ ದಪ್ಪಗಾಗಿ ಹೆರಿಗೆಗೆ ಕಷ್ಟವಾಗುತ್ತಿತ್ತು. ಗ್ಲುಟಮಿನ್ ಎಂಬ ಅಮೈನೋ ಆಮ್ಲ ಕೆಟ್ಟು, ಭ್ರೂಣಕ್ಕೆ ಹಾನಿ ಮಾಡುವ ಅಮೋನಿಯಾ ಆಗುವುದು ಇನ್ನೊಂದು ತಾಪತ್ರಯ. ಕಾಕಾಗೆ ಇದು ಹೊಸದೇನಲ್ಲ. ಎಳೆಗರುವಿಗೆ ಹಾಲು ಮಿತಿ ಮೀರಿದರೆ ಹೊಟ್ಟೆ ಕೆಡುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಇಷ್ಟಾದರೂ 100 ಅಂಡ ಇಟ್ಟರೆ ಏಳನೇ ದಿನಕ್ಕೆ ಹಸುವಿಗೆ ಇಡುವಂಥ ಭ್ರೂಣ ಸಿಗುವುದು ಸಾಮಾನ್ಯವಾಗಿ 30ರಿಂದ 40. ನಮ್ಮ ಕೃಷ್ಣಾ ತೀರದ ಕೃಷ್ಣಾ ವ್ಯಾಲಿ ತಳಿಯಂತೆ ದನಗಳೇ ಕಡಿಮೆ ಉಳಿದಿರುವ ಕಡೆ ಉಳಿದ 60ರಿಂದ 70 ಸಣ್ಣ ನಷ್ಟವಲ್ಲ, ಅಲ್ವಾ?