ಚೂಪು ಚಿಪ್ಪಿನ ತುದಿಯವರೆಗೂ ಹುಳು ಇರುತ್ತದೆಯೇ?

ಓದುಗರ ಪ್ರಶ್ನೆ: ಕಡಲತೀರದಲ್ಲಿ ಸಿಗುವ ಉದ್ದನೆಯ ಚೂಪು ಚಿಪ್ಪುಗಳ ತುದಿಯವರೆಗೂ ಹುಳು ಇರುತ್ತದೆಯೇ? ಬೆಳೆದಂತೆ ಅದು ಚಿಪ್ಪು ಬದಲಿಸುತ್ತದೆಯೇ?

ಎರಡನೆಯದನ್ನು ಮೊದಲು ಮುಗಿಸೋಣ. ಇಲ್ಲ, ಬದಲಿಸುವುದಿಲ್ಲ. ಚಿಪ್ಪು ಬದಲಿಸುವುದು ಸನ್ಯಾಸಿ ಏಡಿ. ಸತ್ತ ಬಸವನಹುಳುವಿನ ಖಾಲಿ ಮನೆಗೆ ಬಂದು ಸೇರಿದ ಬಾಡಿಗೆದಾರ ಅದು. ನಡೆದಾಡುವ ಚಿಪ್ಪಿನಿಂದ ಕೀಲುಳ್ಳ ಕಾಲುಗಳು ಇಣುಕಿದರೆ ಒಳಗಿರುವುದು ಏಡಿಯೇ.

ಬಸವನಹುಳು ಮಾತ್ರ ಮನೆಯನ್ನು ಕಟ್ಟುತ್ತಲೇ ಇರುತ್ತದೆ. ಅದರ ಮೈಯಂಚಿನ ತೆಳು ಪದರ ಚಿಪ್ಪಿನ ಬಾಯಿಗೆ ಸುಣ್ಣವನ್ನು ಸೇರಿಸುತ್ತ ಹೋಗುತ್ತದೆ. ಹಾಗಾಗಿ ಗೋಪುರ ಬೆಳೆಯುವುದು ಬುಡದಲ್ಲಿ, ಶಿಖರದಲ್ಲಲ್ಲ. ತುದಿಯ ಆ ಸಾಸಿವೆಯಂಥ ಸುರುಳಿ ಹುಳುವಿನ ಮರಿತನದ ಚಿಪ್ಪು. ಎಲ್ಲಕ್ಕಿಂತ ಹಳೆಯದಾದ್ದರಿಂದಲೇ ಅದು ಎಷ್ಟೋ ಚಿಪ್ಪುಗಳಲ್ಲಿ ಸವೆದು ಮೊಂಡಾಗಿರುತ್ತದೆ. ಇಂಥ ಉದ್ದ ಚೂಪು ಚಿಪ್ಪಿನ ಕಡಲ ಬಸವನಹುಳುಗಳದೊಂದು ಕುಟುಂಬ ಸೆರಿಥಿಡೇ. ಅದರ ಹಲವು ಚಿಪ್ಪುಗಳ ಮೇಲೆ ಅಲ್ಲಲ್ಲಿ ಅಡ್ಡ ದಿಂಡುಗಳಿರುತ್ತವೆ. ಬೆಳವಣಿಗೆ ನಿಂತಾಗ ದಪ್ಪಗಾಗಿದ್ದ ಹಳೆಯ ಬಾಯಂಚುಗಳು ಅವು.

ಇನ್ನು ಮೊದಲ ಪ್ರಶ್ನೆ. ಬಹುಮಟ್ಟಿಗೆ ಹೌದು. ತಲೆ, ತೆವಳುವ ಮಾಂಸಲ ಕಾಲು ಚಿಪ್ಪಿನ ಬಾಯಿಯ ಬಳಿ ಇದ್ದರೆ, ಜೀರ್ಣಗ್ರಂಥಿಯೂ ಸಂತಾನದ ಗ್ರಂಥಿಯೂ ಸುರುಳಿ ಸುತ್ತಿಕೊಂಡು ಮೇಲಿನ ಸುತ್ತುಗಳಲ್ಲಿ ಕೂತಿರುತ್ತವೆ. ಅಪಾಯ ಕಂಡರೆ ತಲೆ, ಕಾಲನ್ನೂ ಒಳಗೆಳೆದುಕೊಂಡು, ಕೊಂಬಿನಂಥ ಪದಾರ್ಥದ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತದೆ. ಏಡಿಯೊಂದು ಬಾಯಂಚನ್ನು ಚೂರುಚೂರೇ ಮುರಿಯುತ್ತ ಬಂದರೂ ಹಿಂದೆ ಸರಿಯಲು ಉದ್ದನೆಯ ಓಣಿಯೇ ಇದೆ. ಆದರೆ ಇಷ್ಟುದ್ದದ ಚಿಪ್ಪನ್ನು ನೆಟ್ಟಗೆ ಹೊರುವುದು ಕಷ್ಟ. ಹುಳು ಅದನ್ನು ಮರಳ ಮೇಲೆ ಅಡ್ಡಕ್ಕೆ ಎಳೆದುಕೊಂಡೇ ಹೋಗುತ್ತದೆ. ಅಲೆ ಬಡಿಯುವ ಬಂಡೆಗೆ ಕಚ್ಚಿ ಬದುಕುವ ಬಸವನಹುಳುಗಳಾದ ಲಿಂಪೆಟ್‌ಗಳು ಟೋಪಿಯಂತೆ ತಗ್ಗಾಗಿರುವುದು ಸುಮ್ಮನಲ್ಲ.

ಸೆರಿಥಿಡೇ ಹುಳುಗಳು ಬೆಚ್ಚಗಿನ ಕಡಲುಗಳ ಆಳವಿಲ್ಲದ ನೀರಲ್ಲಿ, ಮರಳು, ಹವಳದ ಪುಡಿಗಲ್ಲು, ಕಡಲಹುಲ್ಲಿನ ನಡುವೆ ಪಾಚಿ, ಕೊಳೆತ ಕಸ ಮೇಯುತ್ತವೆ. ಹೆಚ್ಚಿನವು ಕೆಲವೇ ಸೆಂಟಿಮೀಟರ್ ಉದ್ದ. ಈ ಕುಟುಂಬದ ಸೆರಿಥಿಯಂ ನೊಡ್ಯುಲೋಸಂ ಎಂಬ ಜಾತಿ ಮಾತ್ರ 15 ಸೆಂ.ಮೀ.ವರೆಗೂ ಬೆಳೆಯುತ್ತದೆ.

ಆದರೆ ಉದ್ದಗೆ ಕಂಡದ್ದೆಲ್ಲ ಸೆರಿಥಿಡೇ ಅಲ್ಲ. ಟೆರೆಬ್ರಾ ಎಂಬ ಉದ್ದ ಚಿಪ್ಪಿನ ಬಸವನಹುಳುಗಳು ಎರೆಹುಳುವಿನಂಥ ಕಡಲ ಹುಳುಗಳನ್ನು ಬೇಟೆಯಾಡುತ್ತವೆ, ಕೆಲವಕ್ಕೆ ವಿಷವೂ ಉಂಟು. ಇನ್ನೊಂದು ಬಗೆಯಾದ ಟರಿಟೆಲ್ಲಾಗಳು ನೀರನ್ನು ಸೋಸಿ ತಿನ್ನುತ್ತವೆ. ಗುರುತು ಹಿಡಿಯಲು ತುದಿಯನ್ನಲ್ಲ, ಚಿಪ್ಪಿನ ಬಾಯನ್ನು ನೋಡಿ. ಟರಿಟೆಲ್ಲಾದ್ದು ಕಚ್ಚಿಲ್ಲದ ಗುಂಡು ಬಾಯಿ. ಸೆರಿಥಿಯಂನ ಬಾಯಿಯ ಕೆಳಮೂಲೆಯಲ್ಲಿ ಗಿಂಡಿಯ ಮೂತಿಯಂಥ ಗಿಡ್ಡ ಕಾಲುವೆಯೊಂದು ಬಾಗಿರುತ್ತದೆ.