ಪಾತ್: ಫೈಲಿನ ಪೂರ್ತಿ ವಿಳಾಸ

ಒಮ್ಮೆ ಡೆಸ್ಕ್‌ಟಾಪ್ ಮೇಲಿದ್ದ ವರದಿಯೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದೆ. ಬೇರೆ ಕಂಪ್ಯೂಟರಿನಲ್ಲಿ ಎಷ್ಟು ಸಲ ಕ್ಲಿಕ್ ಮಾಡಿದರೂ ಅದು ತೆರೆಯಲಿಲ್ಲ. ಆಮೇಲೆ ನೋಡಿದರೆ ಫೈಲಿನ ಗಾತ್ರ ಬರೀ ಎರಡು ಕೆಬಿ, ಐಕಾನಿನ ಮೂಲೆಯಲ್ಲಿ ಒಂದು ಪುಟ್ಟ ಬಾಣ. ನಾನು ಕಾಪಿ ಮಾಡಿದ್ದು ವರದಿಯನ್ನಲ್ಲ, ಅದರ ಶಾರ್ಟ್‌ಕಟ್ಟನ್ನು. ಶಾರ್ಟ್‌ಕಟ್ ಒಳಗೆ ಮುಖ್ಯವಾಗಿ ಇರುವುದು ಫೈಲ್ ಎಲ್ಲಿದೆ ಎಂಬ ವಿಳಾಸ. ಆ ವಿಳಾಸವನ್ನೇ ಪಾತ್ ಎನ್ನುತ್ತಾರೆ.

ಫೈಲ್ ಯಾವ ಡ್ರೈವಿನಲ್ಲಿದೆ, ಯಾವ ಫೋಲ್ಡರಿನೊಳಗಿನ ಯಾವ ಫೋಲ್ಡರಿನಲ್ಲಿದೆ, ಅದರ ಹೆಸರೇನು ಅನ್ನುವುದನ್ನೆಲ್ಲ ಒಂದೇ ಸಾಲಿನಲ್ಲಿ ಬರೆದರೆ ಅದು ಪಾತ್. ವಿಂಡೋಸಿನಲ್ಲಿ ಹೀಗಿರುತ್ತದೆ:

ಸಿ:\ಯೂಸರ್ಸ್\ಮೀರಾ\ಡಾಕ್ಯುಮೆಂಟ್ಸ್\ವರದಿ.ಪಿಡಿಎಫ್

ಎಡದಿಂದ ಓದುತ್ತಾ ಹೋದರೆ ಒಂದೊಂದೇ ಬಾಗಿಲು ತೆಗೆದುಕೊಂಡು ಒಳಗೆ ಹೋದ ಹಾಗೆ. ಮೊದಲಿಗೇ 'ಸಿ' ಯಾಕೆ ಅಂದರೆ, ಹಳೆಯ ಕಂಪ್ಯೂಟರುಗಳಲ್ಲಿ 'ಎ' ಮತ್ತು 'ಬಿ' ಎರಡೂ ಫ್ಲಾಪಿ ಡ್ರೈವುಗಳಿಗೆ ಮೀಸಲಾಗಿದ್ದವು. ಹಾರ್ಡ್ ಡಿಸ್ಕ್ ಬಂದಾಗ ಅದಕ್ಕೆ ಮೂರನೆಯ ಅಕ್ಷರ ಸಿಕ್ಕಿತು. ಫ್ಲಾಪಿ ಹೋಗಿ ಎಷ್ಟೋ ಕಾಲವಾಯಿತು, ಅಕ್ಷರ ಹಾಗೇ ಉಳಿದಿದೆ.

ವಿಂಡೋಸಿನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸಿನಲ್ಲಿ ಇದೇ ಫೈಲಿನ ಪಾತ್ /ಹೋಮ್/ಮೀರಾ ಎಂಬಲ್ಲಿಂದ ಶುರುವಾಗುತ್ತದೆ, ಮ್ಯಾಕಿನಲ್ಲಿ /ಯೂಸರ್ಸ್/ಮೀರಾ ಎಂಬಲ್ಲಿಂದ. ಇವೆರಡರಲ್ಲೂ ಡ್ರೈವಿಗೆ ಅಕ್ಷರ ಇಲ್ಲ. ಎಲ್ಲವೂ ಒಂದೇ ಮರ. ಅದರ ಬುಡಕ್ಕೆ ರೂಟ್ ಅನ್ನುತ್ತಾರೆ, ಅದನ್ನು ಬರೀ ಒಂದು ಸ್ಲ್ಯಾಶ್ ಹಾಕಿ ತೋರಿಸುತ್ತಾರೆ. ಪೆನ್‌ಡ್ರೈವ್ ಚುಚ್ಚಿದರೆ ಅದೂ ಈ ಮರದ ಒಂದು ಕೊಂಬೆಯಾಗುತ್ತದೆ. ಮ್ಯಾಕಿನಲ್ಲಾದರೆ ಅದು /ವಾಲ್ಯೂಮ್ಸ್ ಒಳಗೆ ಸಿಗುತ್ತದೆ. ವಿಂಡೋಸಿನಲ್ಲಿ ಹಾಗಲ್ಲ, ಪೆನ್‌ಡ್ರೈವಿಗೆ 'ಡಿ' ಅಥವಾ 'ಇ' ಅಂತ ಬೇರೆಯೇ ಅಕ್ಷರ ಬರುತ್ತದೆ. ವಿಂಡೋಸ್ ಬಿಟ್ಟು ಲಿನಕ್ಸಿಗೆ ಬಂದವರು 'ನನ್ನ ಡಿ ಡ್ರೈವ್ ಎಲ್ಲಿ?' ಎಂದು ಹುಡುಕುವುದು ಇದಕ್ಕೇ.

ಪಾತ್‌ನಲ್ಲಿ ಹೆಸರುಗಳ ನಡುವೆ ಬರುವ ಗೆರೆ, ಅಂದರೆ ಸ್ಲ್ಯಾಶ್, ವಾಲಿರುವ ದಿಕ್ಕನ್ನೂ ಗಮನಿಸಿದಿರಾ? ಲಿನಕ್ಸ್, ಮ್ಯಾಕ್ ಮತ್ತು ವೆಬ್ ವಿಳಾಸಗಳಲ್ಲಿ ಅದು ಮುಂದಕ್ಕೆ ವಾಲಿದೆ, ವಿಂಡೋಸಿನಲ್ಲಿ ಹಿಂದಕ್ಕೆ. ಮುಂದಕ್ಕೆ ವಾಲಿದ ಗೆರೆ ಹಳೆಯ ಆಪರೇಟಿಂಗ್ ಸಿಸ್ಟಮ್ ಆದ ಯುನಿಕ್ಸ್‌ನಿಂದ ಬಂದದ್ದು. ವಿಂಡೋಸಿಗೂ ಮುಂಚಿನ ಆಪರೇಟಿಂಗ್ ಸಿಸ್ಟಮ್ ಆಗಿದ್ದ, 1981ರಲ್ಲಿ ಬಂದ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಇಡುವ ಏರ್ಪಾಡೇ ಇರಲಿಲ್ಲ. ಹಾಗಾಗಿ ಮುಂದಕ್ಕೆ ವಾಲಿದ ಗೆರೆಯನ್ನು ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದರು. ಕಮಾಂಡ್ ಹೇಗೆ ಓಡಬೇಕು ಎಂದು ಸೂಚಿಸಲು ಅದರ ಪಕ್ಕದಲ್ಲಿ ಈ ಗೆರೆ, ಒಂದು ಅಕ್ಷರ ಹಾಕುತ್ತಿದ್ದರು. 1983ರ 2.0 ಆವೃತ್ತಿಯಲ್ಲಿ ಫೋಲ್ಡರುಗಳು ಬಂದಾಗ ಅದೇ ಗೆರೆ ಹಾಕಿದರೆ ಹಳೆಯ ಕಮಾಂಡುಗಳ ಜೊತೆ ಗೊಂದಲ ಆಗುತ್ತಿತ್ತು. ಅದಕ್ಕೇ ಉಲ್ಟಾ ಗೆರೆ ಆರಿಸಿಕೊಂಡರು. ಆವತ್ತಿನ ಆ ತೀರ್ಮಾನ ಇವತ್ತಿಗೂ ನಮ್ಮ ಕೀಬೋರ್ಡಿನಲ್ಲಿ ಬೆರಳನ್ನು ತಡವರಿಸುವಂತೆ ಮಾಡುತ್ತದೆ.

ಇನ್ನೊಂದು ವ್ಯತ್ಯಾಸ ಸಣ್ಣದು, ಆದರೆ ಜಾಸ್ತಿ ಕಾಡುತ್ತದೆ. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ದೊಡ್ಡದಾದರೆ ಒಂದು ಫೈಲ್, ಚಿಕ್ಕದಾದರೆ ಇನ್ನೊಂದು ಫೈಲ್ ಎಂದು ಲಿನಕ್ಸ್ ನೋಡುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಎರಡನ್ನೂ ಒಂದೇ ಅಂತ ತಿಳಿಯುತ್ತವೆ. ಕನ್ನಡದಲ್ಲಿ ಹೆಸರಿಟ್ಟರೆ ಈ ತಕರಾರೇ ಇಲ್ಲ, ಅಲ್ವಾ? ಮೂರರಲ್ಲೂ ಕನ್ನಡ ಹೆಸರು ಚೆನ್ನಾಗಿ ನಡೆಯುತ್ತದೆ. ನಾನಂತೂ ಹಾಗೇ ಇಡುತ್ತೇನೆ.

ಪಾತ್ ನೋಡುವುದು ಸುಲಭ. ವಿಂಡೋಸಿನಲ್ಲಿ ಶಿಫ್ಟ್ ಒತ್ತಿ ಹಿಡಿದು ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಕಾಪಿ ಆ್ಯಸ್ ಪಾತ್' ಸಿಗುತ್ತದೆ. ಮ್ಯಾಕಿನಲ್ಲಿ ರೈಟ್ ಕ್ಲಿಕ್ ಮಾಡಿ ಆಪ್ಶನ್ ಕೀ ಒತ್ತಿದರೆ ಅಂಥದ್ದೇ ಒಂದು ಸಾಲು ಬರುತ್ತದೆ. ಲಿನಕ್ಸಿನ ಬಹಳಷ್ಟು ಫೈಲ್ ಮ್ಯಾನೇಜರುಗಳಲ್ಲಿ ಕಂಟ್ರೋಲ್ ಜೊತೆ ಎಲ್ ಒತ್ತಿದರೆ ನೀವಿರುವ ಫೋಲ್ಡರಿನ ಪಾತ್ ಮೇಲುಗಡೆ ಕಾಣುತ್ತದೆ. ಡೆಸ್ಕ್‌ಟಾಪ್ ಮೇಲಿನ ಒಂದು ಫೈಲಿಗೆ ಹೀಗೆ ಮಾಡಿ ನೋಡಿ. ಡೆಸ್ಕ್‌ಟಾಪ್ ಅನ್ನುವುದೂ ನಿಮ್ಮ ಹೆಸರಿನ ಫೋಲ್ಡರಿನೊಳಗಿನ ಇನ್ನೊಂದು ಫೋಲ್ಡರ್ ಅಷ್ಟೇ ಎಂದು ಗೊತ್ತಾಗುತ್ತದೆ.

ಬುಡದಿಂದ ಪೂರ್ತಿ ಬರೆಯದೆ, ನಾವು ಈಗ ಇರುವ ಫೋಲ್ಡರಿನಿಂದಲೂ ದಾರಿ ಹೇಳಬಹುದು. ಇದಕ್ಕೆ ರಿಲೇಟಿವ್ ಪಾತ್ ಎಂದು ಹೆಸರು. ಅದರಲ್ಲಿ ಎರಡು ಚುಕ್ಕಿ ಹಾಕಿದರೆ 'ಒಂದು ಫೋಲ್ಡರ್ ಹೊರಗೆ ಬಾ' ಎಂದರ್ಥ. ಉದಾಹರಣೆಗೆ ../ಚಿತ್ರಗಳು/ಹೂವು.ಜೆಪಿಜಿ. ನೀವೇ ಮಾಡಿದ ವೆಬ್ ಪುಟದಲ್ಲಿ ಚಿತ್ರಕ್ಕೆ ಸಿ ಡ್ರೈವಿನಿಂದ ಪೂರ್ತಿ ವಿಳಾಸ ಕೊಟ್ಟಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಚಿತ್ರದ ಜಾಗ ಖಾಲಿ. ಹೀಗೆ ಚುಕ್ಕಿ ಹಾಕಿ ಬರೆದಿದ್ದರೆ, ಪುಟ ಮತ್ತು ಚಿತ್ರಗಳ ಫೋಲ್ಡರುಗಳನ್ನು ಒಟ್ಟಿಗೆ ಎತ್ತಿಕೊಂಡು ಎಲ್ಲಿಗೆ ಹೋದರೂ ಹೂವು ಕಾಣುತ್ತದೆ.