ಒಂದೇ ಹಲಗೆಯ ಮೇಲೆ ಇಬ್ಬರ ಹೆಸರು

ಬಳ್ಳಾರಿಯ ಕಾಲೇಜೊಂದರ ಲಿನಕ್ಸ್ ಸರ್ವರ್‌ನಲ್ಲಿ ಯರ್ರಿಸ್ವಾಮಿಯ ಯೂಸರ್ ಐಡಿ 1001, ಹುಲಿಗೆಮ್ಮಂದು 1002 ಎನ್ನಿ. ಸಿ ಭಾಷೆಯಲ್ಲಿ, ತೆರೆಗೆ ಬರೆಯುವ ಒಂದೇ ಪ್ರಿಂಟ್‌ಎಫ್ ಒಳಗೆ, ಐಡಿ ಕೊಟ್ಟರೆ ಖಾತೆಯ ವಿವರ ಹುಡುಕಿಕೊಡುವ ‘ಗೆಟ್‌ಪಿಡಬ್ಲ್ಯುಯುಐಡಿ’ ಫಂಕ್ಷನನ್ನು ಎರಡು ಸಲ ಕರೆದು ಇಬ್ಬರ ಹೆಸರನ್ನೂ ತೋರಿಸಹೊರಟರೆ, ಒಬ್ಬರ ಹೆಸರೇ ಎರಡು ಸಲ ಬರುತ್ತದೆ. ಯಾರದು ಎಂಬುದು ಕಂಪೈಲರ್ ಯಾವ ಕರೆಯನ್ನು ಮೊದಲು ಮಾಡಿತು ಅನ್ನುವುದರ ಮೇಲಿದೆ. ಈ ಫಂಕ್ಷನ್ ಕೊಡುವ ಪಾಯಿಂಟರ್ (ಮೆಮೊರಿಯ ವಿಳಾಸ) ಲೈಬ್ರರಿಯ ಸ್ವಂತ ಹಲಗೆಯದು, ಅಂದರೆ ಲೈಬ್ರರಿಯೇ ಇಟ್ಟುಕೊಂಡ ಮೆಮೊರಿಯ ಜಾಗದ್ದು. ಮುಂದಿನ ಕರೆ ಅದನ್ನು ಒರೆಸಿ ಹೊಸದಾಗಿ ಬರೆಯುತ್ತದೆ. ಬೇಕಾದ್ದನ್ನು ಕೂಡಲೇ ಸ್ಟ್ರ್‌ಡಪ್‌ನಿಂದ ನಕಲು ಮಾಡಿಕೊಳ್ಳಿ. ಲೈಬ್ರರಿ ಕೊಟ್ಟ ಪಾಯಿಂಟರನ್ನು ಮಾತ್ರ ಫ್ರೀ ಮಾಡಬೇಡಿ (ಅದರ ಮೆಮೊರಿ ಬಿಟ್ಟುಕೊಡಬೇಡಿ), ಅದು ನಿಮ್ಮದಲ್ಲ.

ಹೆಸರಿನಿಂದ ಹುಡುಕಲು ‘ಗೆಟ್‌ಪಿಡಬ್ಲ್ಯುನ್ಯಾಮ್’. ಅಕ್ಷರಕ್ಕೆ ಅಕ್ಷರ ಕೂಡಬೇಕು: ಯರ್ರಿಸ್ವಾಮಿಯನ್ನು ಇಂಗ್ಲಿಷಿನಲ್ಲಿ ಒಬ್ಬರು ‘ವೈ’ಯಿಂದ, ಇನ್ನೊಬ್ಬರು ‘ಇ’ಯಿಂದ ಬರೆದರೆ ಅವು ಬೇರೆ ಬೇರೆ ಖಾತೆಗಳೇ. ಸಿಗದಿದ್ದರೆ ನಲ್ (ಖಾಲಿ ಪಾಯಿಂಟರ್) ಬರುತ್ತದೆ. ಆದರೆ ಖಾತೆ ಇಲ್ಲದಿದ್ದರೂ ನಲ್, ಹುಡುಕುವಾಗ ಎಡವಟ್ಟಾದರೂ ನಲ್. ಕರೆಯುವ ಮೊದಲು ದೋಷದ ಸಂಖ್ಯೆ ಇರುವ ಎರ್ನೋವನ್ನು 0 ಮಾಡಿಡಿ; ನಲ್ ಬಂದ ಮೇಲೂ ಅದು 0 ಇದ್ದರೆ ಅಂಥ ಖಾತೆ ಇಲ್ಲ. ಕೆಲವು ಸಿಸ್ಟಂಗಳು ಖಾತೆ ಇಲ್ಲದಾಗಲೂ ಎರ್ನೋದಲ್ಲಿ ‘ಈನೋಎಂಟ್’ ಎಂಬ ದೋಷ ಇಡುತ್ತವೆ, ಅದನ್ನೂ ‘ಇಲ್ಲ’ ಎಂದೇ ಓದಿ.

ಪ್ರೋಗ್ರಾಂನಲ್ಲಿ ಥ್ರೆಡ್‌ಗಳು (ಒಟ್ಟಿಗೇ ಓಡುವ ಎಳೆಗಳು) ಇದ್ದರೆ ಈ ಫಂಕ್ಷನ್‌ಗಳ ಹೆಸರಿನ ಕೊನೆಗೆ ‘ಆರ್’ ಇರುವ ರೂಪವೇ ಬೇಕು. ಇಲ್ಲಿ ಹಲಗೆ, ಅಂದರೆ ಬಫರ್, ನಿಮ್ಮದು. ಎಷ್ಟು ದೊಡ್ಡದು? ಸಿಸ್ಟಂನ ಮಿತಿ ತಿಳಿಸುವ ಸಿಸ್‌ಕಾನ್ಫ್ ಕೇಳಿದರೆ ಲಿನಕ್ಸಿನಲ್ಲಿ ಸಾಮಾನ್ಯವಾದ ಸಿ ಲೈಬ್ರರಿ ಗ್ಲಿಬ್‌ಸಿ 1024 ಬೈಟ್ ಎನ್ನುತ್ತದೆ, ಬೇರೆ ಕಡೆ -1 ಸಹ ಬರಬಹುದು. ಆ ಸಂಖ್ಯೆ ಬರೀ ಅಂದಾಜು. ಜಾಗ ಸಾಲದೆಂಬ ‘ಈರೇಂಜ್’ ದೋಷ ಬಂದರೆ ಬಫರನ್ನು ದುಪ್ಪಟ್ಟು ಮಾಡಿ ಮತ್ತೆ ಕರೆಯಿರಿ. ಈ ‘ಆರ್’ ರೂಪ ದೋಷದ ಸಂಖ್ಯೆಯನ್ನು ನೇರವಾಗಿ ಹಿಂದಿರುಗಿಸುತ್ತದೆ, ಎರ್ನೋ ನೋಡಬೇಡಿ. 0 ಬಂದು ಫಲಿತಾಂಶ ನಲ್ ಆಗಿದ್ದರೆ ಖಾತೆ ಇಲ್ಲ. ಬಫರ್ ಫ್ರೀ ಮಾಡಿದ ಮೇಲೆ ಹೆಸರು, ಹೋಂ ಡೈರೆಕ್ಟರಿ ಎಲ್ಲಾ ಹೋದಂತೆಯೇ, ಅವು ಇರುವುದೇ ಅದರೊಳಗೆ.

ಇಷ್ಟೆಲ್ಲಾ ಯಾಕೆ, ಪಾಸ್‌ವರ್ಡ್ ಫೈಲ್ ತೆರೆದು ಕೋಲನ್‌ಗಳ ನಡುವಿನ 7 ಕಾಲಂ ಒಡೆದರಾಯಿತಲ್ಲ ಎನ್ನುವವರಿದ್ದಾರೆ. ಖಾತೆಗಳು ಎಲ್‌ಡ್ಯಾಪ್‌ನಲ್ಲಿ (ನೆಟ್‌ವರ್ಕಿನಲ್ಲಿರುವ ಖಾತೆಗಳ ಪಟ್ಟಿ) ಇದ್ದರೆ ಆ ಫೈಲಿನಲ್ಲಿ ಅವು ಸಿಗುವುದೇ ಇಲ್ಲ. ಫಂಕ್ಷನ್ ಮಾತ್ರ ಎರಡೂ ಕಡೆ ಹುಡುಕುತ್ತದೆ. ಪಾಸ್‌ವರ್ಡಿನ ಕಾಲಂನಲ್ಲಂತೂ ಸಾಮಾನ್ಯವಾಗಿ ಬರೀ ‘ಎಕ್ಸ್’ ಇರುತ್ತದೆ, ಪಾಸ್‌ವರ್ಡಿನ ಗುಪ್ತರೂಪವಾದ ಹ್ಯಾಷ್ ಇರುವುದು ಶ್ಯಾಡೋ ಫೈಲಿನಲ್ಲಿ.

ಪ್ರೋಗ್ರಾಂ ಓಡಿಸುತ್ತಿರುವವರು ಯಾರು ಎಂದು ತಿಳಿಯಲು ‘ಗೆಟ್‌ಲಾಗಿನ್’ ನಂಬಬೇಡಿ, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್‌ನಿಂದ ಓಡಿದಾಗ ಅದು ನಲ್ ಕೊಡಬಹುದು. ‘ಗೆಟ್‌ಯುಐಡಿ’ ಕೊಟ್ಟ ಐಡಿಯನ್ನೇ ಹುಡುಕಿ.